ಕರೆಂಟಿಗೂ ಒಂದು ಪಾಳಿ

2023ರ ಅಕ್ಟೋಬರ್‌ನಲ್ಲಿ ಒಂದು ವಿಡಿಯೊ ನಿಮ್ಮ ಫೋನಿಗೂ ಬಂದಿರಬೇಕು. ವಿಜಯಪುರ ಜಿಲ್ಲೆ ಕೊಲ್ಹಾರ ತಾಲ್ಲೂಕಿನ ರೋಣಿಹಾಳದ ರೈತರು ಹೊಲದಲ್ಲಿ ಸಿಕ್ಕ ಮೊಸಳೆಯೊಂದಕ್ಕೆ ಹಗ್ಗ ಬಿಗಿದು, ಟ್ರ್ಯಾಕ್ಟರಿಗೆ ಹೇರಿ, ಸೀದಾ ಹೆಸ್ಕಾಂ ಕಚೇರಿಗೆ ತಂದಿದ್ದರು. ನೋಡಿದವರು ನಕ್ಕರು, ಫಾರ್ವರ್ಡ್ ಮಾಡಿದರು, ಮರೆತರು. ಆದರೆ ಆ ರೈತರ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ತ್ರೀ ಫೇಸ್ ಕರೆಂಟನ್ನು ರಾತ್ರಿ ಹೊತ್ತು ಕೊಟ್ಟರೆ ನೀರು ಹಾಯಿಸಲು ಕತ್ತಲಲ್ಲೇ ಹೋಗಬೇಕು. ಹಾವೋ ಮೊಸಳೆಯೋ ಕಚ್ಚಿದರೆ ಹೊಣೆ ಯಾರು?

ಕೊಲ್ಹಾರದ ಸೇತುವೆ ದಾಟಿದರೆ ಈಚೆ ದಡ ಬೀಳಗಿ ತಾಲ್ಲೂಕು. ಹೊಳೆ ಒಂದೇ, ಹೆಸ್ಕಾಂ ಕೂಡ ಒಂದೇ. ಬೀಳಗಿ, ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಕಡೆಯ ಯಾವ ಮನೆಯಲ್ಲಿ ವಿಚಾರಿಸಿದರೂ ನಡುರಾತ್ರಿ ಬ್ಯಾಟರಿ ಹಿಡಿದು ಕಬ್ಬಿನ ಹೊಲಕ್ಕೆ ಹೋದ ಅಪ್ಪನೋ ಕಾಕಾನೋ ಮಾಮಾನೋ ಒಬ್ಬರಾದರೂ ಸಿಗುತ್ತಾರೆ.

ಈ ವಾರದ ಮಾತು ಹೊಲದ್ದಲ್ಲ, ಮನೆಯದ್ದು. ಆದರೆ ಹೊಲಕ್ಕೆ ಕರೆಂಟ್ ರಾತ್ರಿಯೇ ಯಾಕೆ ಹೋಗುತ್ತದೆ ಅನ್ನೋದರ ಉತ್ತರದಲ್ಲಿ ಒಂದು ಪಾಲು ನಮ್ಮ ಮನೆಯ ಸ್ವಿಚ್‌ಬೋರ್ಡಿನಲ್ಲೇ ಇದೆ. ಆ ಮನೆ ಬನಹಟ್ಟಿಯಲ್ಲಿರಲಿ, ಬೆಂಗಳೂರಿನ ಫ್ಲ್ಯಾಟಾಗಿರಲಿ, ಪುಣೆಯ ಬಾಡಿಗೆ ರೂಮಾಗಿರಲಿ, ಲೆಕ್ಕ ಮಾತ್ರ ಒಂದೇ.

ಯೂನಿಟ್ ಒಂದು ಲೆಕ್ಕ, ಗಡಿಯಾರ ಇನ್ನೊಂದು

ನಮ್ಮ ಭಾಗದಲ್ಲಿ ಕರೆಂಟ್ ಬಳಸುವವರು ಮುಖ್ಯವಾಗಿ ಮೂರು ತರಹದವರು: ಪಂಪ್‌ಸೆಟ್ಟಿನ ರೈತ, ಮಗ್ಗದ ನೇಕಾರ, ಮನೆಯವರು. ಮೂವರಿಗೂ ಒಂದಲ್ಲ ಒಂದು ರೀತಿಯಲ್ಲಿ ಉಚಿತ ಇದೆ. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ಬಿಲ್ ಇಲ್ಲ. 10 ಅಶ್ವಶಕ್ತಿವರೆಗಿನ ಮಗ್ಗಗಳಿಗೂ ಉಚಿತ ವಿದ್ಯುತ್ ಕೊಡುವುದಾಗಿ ಸರ್ಕಾರ 2023ರಲ್ಲಿ ಹೇಳಿತು. ಅದೇ ವರ್ಷದ ಆಗಸ್ಟ್ ಬಿಲ್ಲಿನಿಂದ ಮನೆಗಳಿಗೆ ಗೃಹಜ್ಯೋತಿ ಬಂತು. 2022-23ರ ತಿಂಗಳ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ, 200 ಯೂನಿಟ್ ಒಳಗಿದ್ದರೆ ಸೊನ್ನೆ ಬಿಲ್.

ಸೊನ್ನೆ ಬಿಲ್ ಬಂದ ಮನೆಯಲ್ಲಿ ತಿಂಗಳ ಕೊನೆಗೆ ಒಂದೇ ಪ್ರಶ್ನೆ: ‘ಎಷ್ಟು ಯೂನಿಟ್ ಆತು?’ ಪ್ರಶ್ನೆ ಸರಿ. ಆದರೆ ಅದು ನಮ್ಮ ಮೀಟರಿನ ಪ್ರಶ್ನೆ. ಗ್ರಿಡ್ ಕೇಳುವುದು ಬೇರೆಯೇ: ‘ಎಷ್ಟು ಗಂಟೆಗೆ?’

ಮಧ್ಯಾಹ್ನ ಒಂದು ಗಂಟೆಗೆ ನೀವು ಬಳಸುವ ಒಂದು ಯೂನಿಟ್ಟೂ ಸಂಜೆ ಏಳೂವರೆಗೆ ಬಳಸುವ ಒಂದು ಯೂನಿಟ್ಟೂ ಮೀಟರಿಗೆ ಒಂದೇ. ಗ್ರಿಡ್ಡಿಗೆ ಒಂದೇ ಅಲ್ಲ. ಮಧ್ಯಾಹ್ನ ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕಿನಂಥವು ಉರಿಬಿಸಿಲಲ್ಲಿ ದುಡಿಯುತ್ತಿರುತ್ತವೆ, ಕರೆಂಟ್ ಅಗ್ಗ. ಸೂರ್ಯ ಇಳಿದ ಮೇಲೆ ಅವೆಲ್ಲ ಮಲಗುತ್ತವೆ. ಸರಿಯಾಗಿ ಅದೇ ಹೊತ್ತಿಗೆ ನಾವು ಮನೆಗೆ ಬಂದು ಲೈಟು, ಫ್ಯಾನು, ಟಿವಿ, ಎಸಿ, ಇಂಡಕ್ಷನ್ ಒಲೆ ಎಲ್ಲ ಹಚ್ಚುತ್ತೇವೆ. ಆ ನಾಲ್ಕು ತಾಸು ತುಂಬಿಸಲು ರಾಯಚೂರು, ಬಳ್ಳಾರಿ, ಕೂಡಗಿಯ ಕಲ್ಲಿದ್ದಲು ಘಟಕಗಳು ಏದುಸಿರು ಬಿಡಬೇಕು, ಶರಾವತಿ-ಕಾಳಿಯ ನೀರು ಬಿಡಬೇಕು. ಆಗಲೂ ಸಾಲದಿದ್ದರೆ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಕೊಳ್ಳಬೇಕು. ಅಲ್ಲಿ ಬಿಗಿಯಾದ ಹೊತ್ತಿನಲ್ಲಿ ಬೆಲೆ ಯೂನಿಟ್ಟಿಗೆ 10 ರೂಪಾಯಿಯ ಮಿತಿ ಮುಟ್ಟಿದ್ದೂ ಉಂಟು.

ಹಾಗಾಗಿ ಉಚಿತ ಅಂದರೆ ಯೂನಿಟ್ಟಿಗೆ ಬೆಲೆ ಇಲ್ಲ ಅಂತ ಮಾತ್ರ. ಹೊತ್ತಿಗೆ ಬೆಲೆ ಇದ್ದೇ ಇದೆ. ಅದನ್ನು ನಮ್ಮ ಬಿಲ್ ತೋರಿಸುವುದಿಲ್ಲ, ಅಷ್ಟೇ. ಒಂದಿಷ್ಟು ಸರ್ಕಾರದ ಖಜಾನೆ ಕಟ್ಟುತ್ತದೆ. ಇನ್ನೊಂದಿಷ್ಟನ್ನು ರಾತ್ರಿ ಪಾಳಿಯಲ್ಲಿ ನೀರು ಹಾಯಿಸುವವರು ಕಟ್ಟುತ್ತಾರೆ.

ಗಾಣದ ಎತ್ತಿನ ಲೆಕ್ಕ

ಗ್ರಿಡ್ ಹೇಗೆ ನಡೆಯುತ್ತದೆ ಅನ್ನೋದನ್ನು ಮಹಾಲಿಂಗಪುರದ ಬೆಲ್ಲದ ಸೀಮೆಯವರಿಗೆ ಸುಲಭವಾಗಿ ಹೇಳಬಹುದು. ಹಳೆಯ ಕಾಲದ ಕಬ್ಬಿನ ಗಾಣ ನೆನಪು ಮಾಡಿಕೊಳ್ಳಿ. ಎತ್ತು ಒಂದೇ ಹದದಲ್ಲಿ ಸುತ್ತುತ್ತಿರುತ್ತದೆ. ಗಾಣದ ಬಾಯಿಗೆ ಒಮ್ಮೆಲೇ ಹೆಚ್ಚು ಕಬ್ಬು ಕೊಟ್ಟರೆ ಎತ್ತು ನಿಧಾನವಾಗುತ್ತದೆ. ಕಬ್ಬು ತೆಗೆದುಬಿಟ್ಟರೆ ಮುಗ್ಗರಿಸುವಷ್ಟು ಜೋರಾಗುತ್ತದೆ. ಕಬ್ಬು ಕೊಡುವವನ ಕೈ ಎತ್ತಿನ ನಡಿಗೆ ನೋಡುತ್ತಲೇ ಇರಬೇಕು.

ದೇಶದ ಎಲ್ಲ ವಿದ್ಯುತ್ ಘಟಕಗಳ ಚಕ್ರಗಳೂ ಹೀಗೆ ಒಂದೇ ಲಯದಲ್ಲಿ ತಿರುಗುತ್ತವೆ. ಆ ಲಯದ ಹೆಸರು 50 ಹರ್ಟ್ಸ್. 49.90ರಿಂದ 50.05ರ ನಡುವೆ ಇಡಬೇಕು ಅನ್ನೋದು ನಿಯಮ. ಎಷ್ಟು ಸಣ್ಣ ಸಂದು ನೋಡಿ. ಬಳಕೆ ಹೆಚ್ಚಾದರೆ ಲಯ ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ಕರೆಂಟನ್ನು ಕಣಜದಲ್ಲಿ ತುಂಬಿಡಲು ಬರುವುದಿಲ್ಲ. ಬ್ಯಾಟರಿ ಬಂದಿವೆ, ಆದರೆ ಊರಿಗೆ ಊರೇ ನಡೆಸುವಷ್ಟು ಇನ್ನೂ ಆಗಿಲ್ಲ. ಹುಟ್ಟಿದ ಕ್ಷಣದಲ್ಲೇ ಅದು ಖರ್ಚಾಗಬೇಕು.

ಈ ಲಯ ಈಗ ಇಡೀ ದೇಶಕ್ಕೆ ಒಂದೇ. ದಕ್ಷಿಣದ ಗ್ರಿಡ್ ಬಹಳ ಕಾಲ ಪ್ರತ್ಯೇಕವಾಗಿ ತಿರುಗುತ್ತಿತ್ತು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದಾಗ ನಾವು ಬೆಳಕಲ್ಲಿದ್ದುದು ಅದಕ್ಕೇ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗ ಚಾಲೂ ಆಗಿ ದಕ್ಷಿಣವೂ ಸೇರಿಕೊಂಡಿತು. ಇವತ್ತು ಮುಧೋಳದ ಫ್ಯಾನೂ ಪಂಜಾಬಿನ ಪಂಪೂ ಒಂದೇ ಗಾಣಕ್ಕೆ ಕಟ್ಟಿದ ಎತ್ತುಗಳು.

‘ಅಷ್ಟು ದೊಡ್ಡ ಗ್ರಿಡ್‌ನಲ್ಲಿ ನನ್ನ ಒಂದು ಗೀಸರ್ ಎಷ್ಟರದು ಬಿಡ್ರಿ’ ಅಂತ ಅನ್ನಿಸಬಹುದು. ಅದಕ್ಕೆ ಉತ್ತರ 2020ರ ಏಪ್ರಿಲ್ 5ರ ರಾತ್ರಿ ಸಿಕ್ಕಿದೆ. ಲಾಕ್‌ಡೌನ್‌ನಲ್ಲಿ ಒಂಬತ್ತು ಗಂಟೆಗೆ ಒಂಬತ್ತು ನಿಮಿಷ ಮನೆಯ ದೀಪ ಆರಿಸಿ ಅಂತ ಪ್ರಧಾನಿ ಕರೆ ಕೊಟ್ಟಿದ್ದರು. ಗ್ರಿಡ್ ನಡೆಸುವವರು 12ರಿಂದ 14 ಸಾವಿರ ಮೆಗಾವಾಟ್ ಇಳಿಯಬಹುದು ಅಂತ ಅಂದಾಜು ಹಾಕಿದ್ದರು. ಇಳಿದದ್ದು ಸುಮಾರು 31,000 ಮೆಗಾವಾಟ್! ಜಲವಿದ್ಯುತ್ ಘಟಕಗಳನ್ನು ಹೊತ್ತಿಗೆ ಸರಿಯಾಗಿ ಇಳಿಸಿ ಏರಿಸಿ ಲಯ ಕಾಯ್ದರು. ಬರೀ ಮನೆಯ ಸ್ವಿಚ್ಚುಗಳು, ಅದೂ ಬಹುಪಾಲು ಬಲ್ಬು. ಮನೆಯವರು ಒಟ್ಟಿಗೆ ಕೈ ಇಟ್ಟರೆ ಗ್ರಿಡ್ ಎಷ್ಟು ಅಲುಗುತ್ತದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ನಾಲ್ಕು ಊರಿನ ಗುದ್ದಾಟ

ಈಗ ನಮ್ಮ ನಾಲ್ಕು ಊರುಗಳಿಗೆ ಬನ್ನಿ. ರಬಕವಿ-ಬನಹಟ್ಟಿಯಲ್ಲಿ ಮಗ್ಗ ಮನೆಯೊಳಗೇ ಇರುತ್ತದೆ. ಕೂಲಿ ದಿನದ ಲೆಕ್ಕದ್ದಲ್ಲ, ಸೀರೆಯ ಲೆಕ್ಕದ್ದು. ಕರೆಂಟ್ ಹೋದ ತಾಸು ಅಂದರೆ ಕೂಲಿ ಹೋದ ತಾಸು. ಜಮಖಂಡಿ, ಮುಧೋಳ, ಬೀಳಗಿಯಲ್ಲಿ ಕೃಷ್ಣೆ-ಘಟಪ್ರಭೆಯ ದಂಡೆಯುದ್ದಕ್ಕೂ ಕಬ್ಬಿಗೆ ನೀರೆತ್ತುವ ಪಂಪುಗಳು. ಅವುಗಳಿಗೆ ಏಳು ತಾಸಿನ ತ್ರೀ ಫೇಸ್, ಅದೂ ಪಾಳಿ ಮೇಲೆ. ಊರ ಲೈನು ಬೇರೆ, ಹೊಲದ ಲೈನು ಬೇರೆ ಮಾಡಿದ್ದು ನಿರಂತರ ಜ್ಯೋತಿ ಯೋಜನೆ. ಅದರಿಂದ ಊರಿನ ಮನೆಗಳಿಗೆ ಹೆಚ್ಚು ಹೊತ್ತು ಕರೆಂಟ್ ಬಂತು, ನಿಜ. ಆದರೆ ಎಳೆತ ಹೆಚ್ಚಾದಾಗ ಯಾವ ಲೈನನ್ನು ಹಿಂದಕ್ಕೆ ತಳ್ಳಬಹುದು ಅನ್ನೋದೂ ಸುಲಭವಾಯಿತು. ತಳ್ಳುವುದು ಹೊಲದ ಲೈನನ್ನೇ.

ಇನ್ನು ಸಕ್ಕರೆ ಕಾರ್ಖಾನೆಗಳು. ಕಬ್ಬಿನ ಸಿಪ್ಪೆ ಸುಟ್ಟು ಕರೆಂಟ್ ಮಾಡಿ ಗ್ರಿಡ್ಡಿಗೆ ಕೊಡುವುದರಲ್ಲಿ ಈ ಭಾಗದ ಕಾರ್ಖಾನೆಗಳದ್ದು ದೊಡ್ಡ ಕೈ. ತೊಡಕು ಎಲ್ಲಿ ಅಂದರೆ, ಕಬ್ಬು ನುರಿಸುವ ಹಂಗಾಮು ಚಳಿಗಾಲದ್ದು. ಬಿಸಿಲು ಏರಿ ಫ್ಯಾನು, ಕೂಲರ್, ಪಂಪು ಎಲ್ಲ ಒಟ್ಟಿಗೆ ತಿರುಗುವ ಹೊತ್ತಿಗೆ ಕಾರ್ಖಾನೆಯ ಚಿಮಣಿ ತಣ್ಣಗಾಗಿರುತ್ತದೆ.

2023ರಲ್ಲಿ ಮಳೆ ಕೈಕೊಟ್ಟಾಗ ಈ ಗಂಟು ಎಲ್ಲರ ಕಣ್ಣಿಗೆ ಬಿತ್ತು. ಜಲಾಶಯಗಳಲ್ಲಿ ನೀರಿಲ್ಲ, ಬೆಳೆ ಉಳಿಸಲು ಅಕ್ಟೋಬರ್‌ನಲ್ಲೇ ಪಂಪುಗಳು ಬೇಸಿಗೆಯಂತೆ ಓಡುತ್ತಿದ್ದವು. ಪಂಪ್‌ಸೆಟ್ಟಿನ ಏಳು ತಾಸು ಐದಕ್ಕೆ ಇಳಿಯಿತು. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಹೊರತೆಗೆದು, ರಾಜ್ಯದೊಳಗಿನ ಖಾಸಗಿ ಉತ್ಪಾದಕರು ರಾಜ್ಯದ ಗ್ರಿಡ್ಡಿಗೇ ಕರೆಂಟ್ ಕೊಡಬೇಕು ಅಂದಿತು. ಉತ್ತರ ಪ್ರದೇಶ, ಪಂಜಾಬಿನಿಂದ ಕಡ ತಂದು ಮಳೆಗಾಲದಲ್ಲಿ ತಿರುಗಿ ಕೊಡುವ ಒಪ್ಪಂದವಾಯಿತು. ಪಕ್ಕದ ಮನೆಯಿಂದ ಒಂದು ಸೇರು ಜೋಳ ತಂದು ಸುಗ್ಗಿಯಲ್ಲಿ ತಿರುಗಿ ಕೊಟ್ಟ ಹಾಗೆ. ಅಷ್ಟಾದರೂ ಮುಂದಿನ ಬೇಸಿಗೆ, 2024ರ ಮಾರ್ಚಿನಲ್ಲಿ, ರಾಜ್ಯದ ಗರಿಷ್ಠ ಬೇಡಿಕೆ 17,000 ಮೆಗಾವಾಟ್ ದಾಟಿತು.

ಓಣಿಯ ಟಿಸಿ ಏನು ಹೇಳುತ್ತದೆ

ಗ್ರಿಡ್ ದೂರದ ಮಾತಾಯಿತು. ನಿಮ್ಮ ಓಣಿಯ ಮೂಲೆಯಲ್ಲೇ ಒಂದು ಟಿಸಿ ಇದೆಯಲ್ಲ, ಅದರ ಲೆಕ್ಕ ನೋಡೋಣ. ಅದು 63 ಕೆವಿಎ ಸಾಮರ್ಥ್ಯದ್ದು ಅಂತ ಇಟ್ಟುಕೊಳ್ಳಿ. ಒಂದು ಗೀಸರ್ 2,000 ವ್ಯಾಟ್. ಬೆಳಿಗ್ಗೆ ಆರೂವರೆಗೆ 30 ಮನೆಯವರು ಒಟ್ಟಿಗೆ ಗೀಸರ್ ಹಾಕಿದರೆ 60 ಕಿಲೋವಾಟ್. ಅಲ್ಲಿಗೆ ಟಿಸಿ ಭರ್ತಿ. ಮಿಕ್ಸರ್, ಮೋಟರ್, ಇಸ್ತ್ರಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಟಿಸಿ ಕೂರಿಸುವಾಗಲೇ ‘ಎಲ್ಲರೂ ಒಂದೇ ಹೊತ್ತಿಗೆ ಎಲ್ಲವನ್ನೂ ಹಾಕುವುದಿಲ್ಲ’ ಅಂತ ನಂಬಿ ಕೂರಿಸಿರುತ್ತಾರೆ. ನಮ್ಮ ಆಫೀಸು, ಸ್ಕೂಲು, ಸೀರಿಯಲ್ಲು ಎಲ್ಲದರ ಟೈಮ್ ಒಂದೇ ಆದಾಗ ಆ ನಂಬಿಕೆ ಕುಸಿಯುತ್ತದೆ. ತಂತಿಯಲ್ಲಿ ಹರಿಯುವ ಕರೆಂಟ್ ಎರಡು ಪಟ್ಟಾದರೆ ಶಾಖವಾಗಿ ಸೋರಿಹೋಗುವುದು ನಾಲ್ಕು ಪಟ್ಟು. ಲೈನಿನ ಕೊನೆಯ ಮನೆಯಲ್ಲಿ ವೋಲ್ಟೇಜ್ ಕುಸಿದು ಟ್ಯೂಬ್‌ಲೈಟ್ ಮಿಣುಕುವುದು, ಮೋಟರ್ ಗುಂಯ್ಗುಟ್ಟಿ ನಿಲ್ಲುವುದು ಆವಾಗಲೇ.

ರಾಜ್ಯದ ಮಟ್ಟಕ್ಕೆ ಹಿಗ್ಗಿಸಿ ನೋಡಿ: ಐದು ಲಕ್ಷ ಗೀಸರ್ ಒಟ್ಟಿಗೆ ಹಾಕಿದರೆ 1,000 ಮೆಗಾವಾಟ್. ಶರಾವತಿ ವಿದ್ಯುದಾಗಾರದ ಪೂರ್ತಿ ಸಾಮರ್ಥ್ಯವೇ 1,035 ಮೆಗಾವಾಟ್.

ಆ ಶರಾವತಿಗೂ ನಮ್ಮ ಸಂಜೆಗೂ ಇನ್ನೊಂದು ನಂಟಿದೆ. ಅಗ್ಗದ ಕರೆಂಟಿನ ಹೊತ್ತಿನಲ್ಲಿ ನೀರನ್ನು ಮೇಲಕ್ಕೆ ಎತ್ತಿ, ಪೀಕ್ ಹೊತ್ತಿನಲ್ಲಿ ಕೆಳಗೆ ಬಿಟ್ಟು 2,000 ಮೆಗಾವಾಟ್ ತೆಗೆಯುವ ಪಂಪ್ಡ್ ಸ್ಟೋರೇಜ್ ಯೋಜನೆ ಅಲ್ಲಿ ಬರಬೇಕು ಅಂತಿದೆ. ಜಾಗ ಸಿಂಗಳೀಕಗಳ ಅಭಯಾರಣ್ಯ. ಅದಕ್ಕೇ ವಿರೋಧವೂ ಜೋರಾಗಿದೆ. ಯೋಜನೆ ಬೇಕೋ ಬೇಡವೋ ಅನ್ನೋದು ದೊಡ್ಡ ಚರ್ಚೆ. ಆದರೆ ಆ ಚರ್ಚೆಯ ಬೇರು ಇರುವುದು ಸಂಜೆಯ ಈ ನಾಲ್ಕು ತಾಸಿನಲ್ಲೇ.

ಮನೆಯೊಳಗಿನ ಬ್ಯಾರೇಜುಗಳು

ಜಮಖಂಡಿ ಕಡೆಯವರಿಗೆ ಶ್ರಮಬಿಂದು ಸಾಗರದ ಕಥೆ ಹೇಳಬೇಕಿಲ್ಲ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ದುಡ್ಡು ಹಾಕಿ, ಮೈಮುರಿದು, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜ್ ಕಟ್ಟಿ ನಿಲ್ಲಿಸಿದರು. ಹೊಳೆ ತುಂಬಿದಾಗ ಹಿಡಿದಿಟ್ಟುಕೊ, ಬತ್ತಿದಾಗ ಬಳಸು. ಅದರ ಹಿಂದಿನ ಬುದ್ಧಿ ಇಷ್ಟೇ.

ಕರೆಂಟನ್ನು ಹಾಗೆ ಹಿಡಿದಿಡಲು ಆಗದು ನಿಜ. ಆದರೆ ಕರೆಂಟ್ ಮಾಡಿಕೊಡುವ ಕೆಲಸವನ್ನು ಹಿಡಿದಿಡಬಹುದು. ಪ್ರತಿ ಮನೆಯಲ್ಲೂ ಇಂಥ ನಾಲ್ಕೈದು ಸಣ್ಣ ಬ್ಯಾರೇಜುಗಳಿವೆ:

ನೀರಿನ ಟ್ಯಾಂಕ್: ಒಂದು ಅಶ್ವಶಕ್ತಿಯ ಮೋಟರ್ ಸುಮಾರು 750 ವ್ಯಾಟ್ ತಿನ್ನುತ್ತದೆ. ನಲ್ಲಿ ನೀರು ಬರುವ ಹೊತ್ತು ನಮ್ಮ ಕೈಯಲ್ಲಿಲ್ಲ. ಆದರೆ ಸಂಪಿನಿಂದ ಮೇಲಿನ ಟ್ಯಾಂಕಿಗೆ ಏರಿಸುವ ಹೊತ್ತು ನಮ್ಮದೇ. ಮಧ್ಯಾಹ್ನ ಏರಿಸಿ.

ಗೀಸರ್: 25 ಲೀಟರ್ ಕಾಯಲು ಅರ್ಧ ತಾಸು ಸಾಕು, ಒಳ್ಳೆಯ ಗೀಸರ್‌ನಲ್ಲಿ ಬಿಸಿ ತಾಸುಗಟ್ಟಲೆ ನಿಲ್ಲುತ್ತದೆ. ಐದೂವರೆಗೆ ಕಾಯಿಸಿಟ್ಟು ಏಳಕ್ಕೆ ಸ್ನಾನ ಮಾಡಬಹುದು. ಸಂಜೆಯ ಸ್ನಾನ ಮಾಡುವವರು ಮಧ್ಯಾಹ್ನದ ಬಿಸಿಲಿಗೆ ಟ್ಯಾಂಕಿನ ನೀರೇ ಕಾದಿರುತ್ತದೆ ಅನ್ನೋದನ್ನು ಮರೆಯಬೇಡಿ. ನಮ್ಮ ಬಾಗಲಕೋಟೆ ಬಿಸಿಲಿಗೆ ಸೋಲಾರ್ ವಾಟರ್ ಹೀಟರ್‌ಗಿಂತ ಒಳ್ಳೆಯ ಬ್ಯಾರೇಜ್ ಇನ್ನೊಂದಿಲ್ಲ. ಹಿತ್ತಲಲ್ಲಿ ಅಜ್ಜಿಯ ಹಂಡೆ ಇನ್ನೂ ಇದ್ದರೆ ನೀವು ಪುಣ್ಯವಂತರು.

ಎಲೆಕ್ಟ್ರಿಕ್ ಸ್ಕೂಟರ್: ಸಂಜೆ ಏಳಕ್ಕೆ ಮನೆಗೆ ಬಂದ ತಕ್ಷಣ ಪ್ಲಗ್ ಚುಚ್ಚಿದರೆ ಇಡೀ ಪೀಕ್ ಹೊತ್ತು ಅದು ಎಳೆಯುತ್ತಲೇ ಇರುತ್ತದೆ. ರಾತ್ರಿ ಹನ್ನೊಂದರ ನಂತರ ಹಾಕಿದರೆ ಬೆಳಿಗ್ಗೆಗೆ ಹೇಗೂ ಫುಲ್. ಕೆಲವು ಗಾಡಿಗಳ ಆ್ಯಪ್‌ನಲ್ಲೇ ಟೈಮರ್ ಇದೆ. ಇಲ್ಲದಿದ್ದರೆ 16 ಆಂಪಿಯರಿನ ಟೈಮರ್ ಸಾಕೆಟ್ ತನ್ನಿ.

ಬಟ್ಟೆ, ಇಸ್ತ್ರಿ, ಹಿಟ್ಟಿನ ಗಿರಣಿ: ವರ್ಕ್ ಫ್ರಮ್ ಹೋಮ್ ಇದ್ದವರಿಗೆ ಮಧ್ಯಾಹ್ನದ ಊಟದ ಹೊತ್ತೇ ಸರಿ. ಉಳಿದವರಿಗೆ ಭಾನುವಾರದ ಹಗಲು.

ಎಸಿ: 2020ರ ಜನವರಿಯಿಂದ ಹೊಸ ಎಸಿಗಳು 24 ಡಿಗ್ರಿಗೇ ಚಾಲೂ ಆಗಬೇಕು ಅಂತ ನಿಯಮ ಇರುವುದು ಸುಮ್ಮನೆ ಅಲ್ಲ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಉಳಿತಾಯ ಅಂತ ಇಂಧನ ದಕ್ಷತಾ ಬ್ಯೂರೊ ಹೇಳುತ್ತದೆ. ಊರಲ್ಲಿರುವವರು ಎಸಿಗಿಂತ ಮೊದಲು ಏರ್ ಕೂಲರ್ ಯೋಚಿಸಿ. ಒಣ ಸೆಕೆಗೆ ಅದು ಹೇಳಿ ಮಾಡಿಸಿದ್ದು, ತಿನ್ನುವುದು ಎಸಿಯ ಒಂದು ಸಣ್ಣ ಪಾಲು. ಹಳೆಯ ಫ್ಯಾನ್ 75 ವ್ಯಾಟ್ ಆದರೆ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು, ಅದೂ ಸಂಜೆಯ ಹೊತ್ತಲ್ಲೇ ಉಳಿತಾಯ.

ಇನ್ನೊಂದು ಯಾರೂ ಹೇಳದ ಮಾತು. ಕರೆಂಟ್ ಹೋದಾಗ ಎಸಿ, ಮೋಟರ್, ಗೀಸರ್ ಸ್ವಿಚ್ ಆರಿಸಿಡಿ. ಬಂದ ಮೇಲೆ ಹತ್ತು ನಿಮಿಷ ಬಿಟ್ಟು ಒಂದೊಂದಾಗಿ ಹಾಕಿ. ಕರೆಂಟ್ ಬಂದ ಕ್ಷಣ ಓಣಿಯ ಎಲ್ಲ ಫ್ರಿಜ್ಜು, ಮೋಟರು, ಇನ್ವರ್ಟರುಗಳು ಒಟ್ಟಿಗೆ ಎಳೆಯುತ್ತವೆ. ‘ಬಂತು... ಮತ್ತ ಹೋತು’ ಅನ್ನುವ ಆಟಕ್ಕೆ ಎಷ್ಟೋ ಸಲ ಅದೇ ಕಾರಣ.

ಮುಂದೂಡಲು ಆಗದವೂ ಇವೆ. ಅಡುಗೆ, ಮಕ್ಕಳ ಓದು, ವಯಸ್ಸಾದವರ ಫ್ಯಾನು, ಕಾಯಿಲೆಯವರ ಮಷೀನು, ನೇಕಾರರ ಮಗ್ಗ. ಅವುಗಳ ಪಾಳಿ ಯಾರೂ ಕೇಳಬಾರದು. ಮುಂದೂಡಬಹುದಾದ್ದನ್ನು ನಾವು ಮುಂದೂಡುವುದೇ ಅವಕ್ಕೆ ಜಾಗ ಬಿಡಲು.

ಮುಂದೆ ಬಿಲ್ಲೂ ಗಡಿಯಾರ ನೋಡಲಿದೆ

ಇಲ್ಲಿಯವರೆಗೆ ಹೇಳಿದ್ದರಿಂದ ನಿಮ್ಮ ಬಿಲ್ಲಿನಲ್ಲಿ ಕಾಣುವ ಲಾಭ ಕಡಿಮೆ, ಒಪ್ಪಿದೆ. ಆದರೆ ಅದು ಹೀಗೇ ಇರುವುದಿಲ್ಲ. ಕೇಂದ್ರ ಸರ್ಕಾರ 2023ರಲ್ಲಿ ಗ್ರಾಹಕರ ಹಕ್ಕುಗಳ ನಿಯಮ ತಿದ್ದಿ, ಹೊತ್ತಿಗೊಂದು ದರದ ಪದ್ಧತಿ ಹಾಕಿತು. ಅದರ ಪ್ರಕಾರ ಬಿಸಿಲಿನ ಎಂಟು ತಾಸು ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ 20 ಕಡಿಮೆ, ಪೀಕ್ ಹೊತ್ತಿನಲ್ಲಿ ಮನೆಗಳಿಗೆ ಕನಿಷ್ಠ 1.10 ಪಟ್ಟು. ಕೃಷಿ ಬಿಟ್ಟು ಉಳಿದವರಿಗೆ 2025ರ ಏಪ್ರಿಲ್ 1ರಿಂದ, ಸ್ಮಾರ್ಟ್ ಮೀಟರ್ ಬಂದ ಮನೆಗೆ ಮೀಟರ್ ಬಂದಂತೆ ಅಂತ ನಿಯಮ. ನಮ್ಮಲ್ಲಿ ಯಾವ ತಾಸಿಗೆ ಯಾವ ದರ ಅಂತ ನಿಗದಿ ಮಾಡುವುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ. ಬ್ರಿಟನ್ನಿನಲ್ಲಿ 1978ರಲ್ಲೇ ರಾತ್ರಿಯ ಏಳು ತಾಸಿಗೆ ಅಗ್ಗದ ದರ ಬಂದಿತ್ತು. ಅಲ್ಲಿಯ ಮನೆಗಳು ಆ ಹೊತ್ತಿನಲ್ಲಿ ಇಟ್ಟಿಗೆ ತುಂಬಿದ ಹೀಟರ್ ಕಾಯಿಸಿಟ್ಟು ಹಗಲೆಲ್ಲ ಬೆಚ್ಚಗಿರುತ್ತಿದ್ದವು. ಅದೂ ಒಂದು ಬ್ಯಾರೇಜೇ.

ಮನೆ ಮೇಲೆ ಸೋಲಾರ್ ಹಾಕಿಸುವವರೂ ಇದನ್ನು ಗಮನಿಸಿ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನ ಇದೆ, ಹಾಕಿಸಿ. ಆದರೆ ನಿಮ್ಮ ಚಾವಣಿ ಮಧ್ಯಾಹ್ನ ಗ್ರಿಡ್ಡಿಗೆ ಕೊಡುತ್ತದೆ, ನೀವು ಸಂಜೆ ಗ್ರಿಡ್ಡಿನಿಂದ ತೆಗೆದುಕೊಳ್ಳುತ್ತೀರಿ. ಯೂನಿಟ್ ಲೆಕ್ಕದಲ್ಲಿ ಸೊನ್ನೆ, ಗಡಿಯಾರದ ಲೆಕ್ಕದಲ್ಲಿ ಸಂಜೆಯ ಭಾರ ಹಾಗೇ ಇದೆ. ಚಾವಣಿ ದುಡಿಯುವಾಗಲೇ ಮನೆಯೂ ದುಡಿದರೆ ಮಾತ್ರ ಲೆಕ್ಕ ಚುಕ್ತಾ.

ಹಾಗಂತ ಎಲ್ಲ ಭಾರ ಮನೆಯವರ ತಲೆ ಮೇಲಲ್ಲ. ಸಾಲದ ಟಿಸಿ ಬದಲಿಸುವುದು, ಲೈನು ಗಟ್ಟಿ ಮಾಡುವುದು, ಪಂಪ್‌ಸೆಟ್ ಫೀಡರುಗಳನ್ನು ಸೋಲಾರಿಗೆ ಜೋಡಿಸಿ ಹಗಲಲ್ಲೇ ಕರೆಂಟ್ ಕೊಡುವುದು ಹೆಸ್ಕಾಂ ಮತ್ತು ಸರ್ಕಾರದ ಕೆಲಸ. ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಪಕ್ಕವೇ ಸೋಲಾರ್ ಹಾಕುವ ಕೆಲಸ ರಾಜ್ಯದಲ್ಲಿ ನಡೆದಿದೆ. ನಿಮ್ಮೂರಿನ ಫೀಡರ್ ಯಾವಾಗ ಅಂತ ಕೇಳುವ ಹಕ್ಕು ನಿಮಗಿದೆ. ಕೇಳಿ.

ಕಾಲುವೆ ನೀರಿಗೆ ಪಾಳಿ ಇರುತ್ತದೆ. ಮೇಲಿನ ಹೊಲದವನು ತನ್ನ ಪಾಳಿ ಮುಗಿದ ಮೇಲೂ ಮಡಿ ಒಡೆದುಕೊಂಡು ಕೂತರೆ ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ ಅನ್ನೋದು ಹಳ್ಳಿಯ ಸಣ್ಣ ಹುಡುಗನಿಗೂ ಗೊತ್ತು. ಕರೆಂಟಿನಲ್ಲಿ ಆ ಕೊನೆಯ ಹೊಲ ನಮಗೆ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಈ ವಾರ ಒಂದೇ ಕೆಲಸ ಮಾಡಿ. ಸಂಜೆ ಆರರಿಂದ ಹತ್ತರವರೆಗೆ ನಿಮ್ಮ ಮನೆಯಲ್ಲಿ ಏನೇನು ಓಡುತ್ತದೆ ಅಂತ ಫೋನಿನಲ್ಲಿ ಪಟ್ಟಿ ಮಾಡಿ. ಅದರಲ್ಲಿ ಆ ಹೊತ್ತಿಗೇ ಬೇಕೇಬೇಕು ಅನ್ನುವಂಥದ್ದಲ್ಲದ ಒಂದನ್ನು ಆರಿಸಿ, ಮಧ್ಯಾಹ್ನಕ್ಕೋ ರಾತ್ರಿ ಹನ್ನೊಂದರ ಆಚೆಗೋ ಸರಿಸಿ. ಊರಲ್ಲಿರುವ ಅಪ್ಪ-ಅಮ್ಮನಿಗೂ ಫೋನ್ ಮಾಡಿ ಹೇಳಿ. ಹೇಳುವಾಗ ಹೊಲದ ಪಾಳಿ ಈ ವಾರ ಹಗಲೋ ರಾತ್ರಿಯೋ ಅಂತ ಒಂದು ಮಾತು ಕೇಳಿ.